ಅಮಾವಾಸ್ಯೆಯ ಗೆರೆ

"ಈ ಚುಕ್ಕಿ ನಾನಾ?"

ಲ್ಯಾಪ್‌ಟಾಪಿನ ಕಡೆ ಬಗ್ಗಿ ಅರುಣ್‌ಕುಮಾರ್ ಕೇಳಿದ ಆ ಮೊದಲ ದಿನವೇ ಭವ್ಯಶ್ರೀಯ ಎದೆ ಡವಗುಟ್ಟಿತ್ತು.

ಅವನು ಅರಕಲಗೂಡಿನ ಶುಂಠಿ ವ್ಯಾಪಾರಿ. ಅವಳು ಹಾಸನದ ಸಂಶೋಧನಾ ವಿದ್ಯಾರ್ಥಿನಿ. ಕ್ರಿಪ್ಟೊ ಹಣ ಯಾರಿಂದ ಯಾರಿಗೆ ಹೋಯಿತೆಂದು ಜಾಲ ಬಿಡಿಸಿ ನೋಡುವುದು ಅವಳ ಕೆಲಸ. ಒಂದೊಂದು ಖಾತೆಯೂ ಒಂದು ಚುಕ್ಕಿ, ಒಂದೊಂದು ರವಾನೆಯೂ ಒಂದು ಗೆರೆ. ಅಧ್ಯಯನಕ್ಕೆ ಅವನು ತಾನಾಗಿಯೇ ತನ್ನ ಖಾತೆ ತೋರಿಸಿದ್ದ. ಗೆರೆಗಳ ಆಚೆ ತುದಿಯಲ್ಲಿ ಯಾರಿದ್ದಾರೆಂದು ಎಂದೂ ಕೇಳುವುದಿಲ್ಲ ಎಂದು ಅವಳು ಬರೆದುಕೊಟ್ಟಿದ್ದಳು.

ಆ ಮಾತೇ ಈಗ ಕೊರಳಿಗೆ ಸುತ್ತಿಕೊಂಡಿತ್ತು!

ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಉಂಡು ಒಬ್ಬಳೇ ಮಲಗುವವಳಿಗೆ ಆರು ತಿಂಗಳಿಂದ ಅವನ ಫೋನೇ ಜೊತೆ. ಕಳೆದ ವಾರ ಅವನು ಮದುವೆಯ ಮಾತೆತ್ತಿ, ಭಾನುವಾರ ಉತ್ತರ ಹೇಳಿ ಎಂದಿದ್ದ. ಮರುದಿನವೇ ಆ ಗೆರೆ ಅವಳ ಕಣ್ಣಿಗೆ ಬಿತ್ತು. ಅವನಿಂದ ಒಂದೇ ಖಾತೆಗೆ, ಎರಡು ವರ್ಷದಿಂದ, ಪ್ರತಿ ತಿಂಗಳೂ! ಮೊತ್ತ ಚಿಕ್ಕದು, ತಾರೀಖು ಬೇರೆ ಬೇರೆ, ಆದರೆ ಒಮ್ಮೆಯೂ ತಪ್ಪಿಲ್ಲ. ಅಷ್ಟೂ ಕಾಲ ಅಲ್ಲಿಂದ ಒಂದು ಗೆರೆಯೂ ಹೊರಬಂದಿಲ್ಲ.

'ಯಾರೋ ಇದ್ದಾಳೆ... ಅವನು ಕೊಟ್ಟದ್ದನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.'

ಕೇಳುವಂತಿಲ್ಲ. ಅವಳು ಅವನ ಫೋನ್ ಎತ್ತುವುದನ್ನೇ ಬಿಟ್ಟಳು. ಆ ಒಂದು ವಾರ ಅವಳ ಜೊತೆ ಮಾತಾಡಿದವರು ಬಸ್ ಕಂಡಕ್ಟರ್ ಮಾತ್ರ.

ಭಾನುವಾರ, ಶಾಂತಿಗ್ರಾಮದ ಮನೆಗಾದರೂ ಹೋಗೋಣವೆಂದು ಹೊರಟಳು. ಅಮಾವಾಸ್ಯೆಗೆ ಪ್ರಯಾಣ ಬೇಡವೆನ್ನುವ ಅಮ್ಮನಿಗಾಗಿ ಗೋಡೆಯ ಕ್ಯಾಲೆಂಡರ್ ನೋಡಿದಳು. ಕಪ್ಪು ವೃತ್ತ ಗುರುವಾರವೇ ಕಳೆದಿತ್ತು. ಮೊನ್ನೆ ಹೊಸದಾಗಿ ಕಂಡ ರವಾನೆಯೂ ಗುರುವಾರದ್ದೇ ಅಲ್ಲವೇ? ಹಾಳೆ ಹಿಂದಕ್ಕೆ ತಿರುವಿ ಹಳೆಯ ರವಾನೆಗಳ ತಾರೀಖಿಗೆ ಹೋಲಿಸಿದಳು. ಪ್ರತಿ ಸಲವೂ ಅಮಾವಾಸ್ಯೆ!

ಪ್ರೇಯಸಿಗೆ ಯಾರಾದರೂ ಅಮಾವಾಸ್ಯೆ ನೋಡಿ ಕಳಿಸುತ್ತಾರೆಯೇ? ಅಂದು ನೆನೆಯುವುದು ಹೋದವರನ್ನು...

ಅವಳು ಅರಕಲಗೂಡಿನ ಬಸ್ ಹತ್ತಿದಳು.

ಅಂಗಡಿಯಲ್ಲಿ ಅವನೊಬ್ಬನೇ ಕೂತಿದ್ದ. ಕೇಳಬಾರದ್ದನ್ನು ಅವಳು ಕೇಳಿಯೇಬಿಟ್ಟಳು.

"ನಮ್ಮಣ್ಣ ಮಂಜುನಾಥಂದು ಆ ಖಾತೆ," ಎಂದ ಅವನು. "ಈ ಕಾಯಿನ್ ಯವಾರ ಕಲ್ಸಿದ್ದೇ ಅವ್ನು. ಪಾಸ್‌ವರ್ಡ್ ಯಾರ್ಗೂ ಏಳ್ದೆ ಒಂಟೋದ. ಅದಕ್ಕೆ ಆಕಿದ್ ಕಾಸು ವಾಪಸ್ ಬರಾಕಿಲ್ಲ, ಗೊತ್ತು. ಪಿತೃಪಕ್ಷದಲ್ಲಿ ಅವ್ವ ಎಡೆ ಇಕ್ತಾಳೆ. ನಂಗೆ ವರ್ಷಪೂರ್ತಿ ಕಾಯಕ್ಕಾಗಲ್ಲ... ಅಮಾಸೆ ಅಮಾಸೆಗೂ ಅವ್ನಿಗೆ ಒಂದು ಟೀ ಕಾಸು ಕಳಿಸ್ತೀನಿ."

ಅವಳ ಕಣ್ಣು ತುಂಬಿತು. ಮಾತು ಮುರಿದೆ, ಕ್ಷಮಿಸಿ ಎಂದಳು.

"ಯಾರಾದ್ರೂ ಕೇಳ್ಲಿ ಅಂತಾನೇ ಖಾತೆ ತೋರ್ಸಿದ್ದು ಕಣ್ರೀ."

ಅವಳು ಕಣ್ಣೊರೆಸಿಕೊಂಡಳು.

"ಮುಂದಿನ ಅಮಾವಾಸ್ಯೆಗೆ ಎರಡು ಟೀ ಕಾಸು ಕಳಿಸಿ," ಎಂದಳು ಅವಳು. "ಒಂದು ನನ್ನದು."

"ಯಾರು ಕೊಟ್ರು ಅಂತ ಅಣ್ಣಂಗೆ ಏಳ್ಲಿ?"

"ನಿನ್ನ ತಮ್ಮನ ಹೆಂಡ್ತಿ ಆಗೋಳು ಅನ್ನಿ."