ಸಿಕ್ಕ ಮೇಲೂ ಹುಡುಕುವ ಪ್ರೋಗ್ರಾಮ್

ಪ್ರೋಗ್ರಾಮಿನಲ್ಲಿ ‘ಎಂಡ್’ ಬರೆಯುವುದನ್ನು ನಾನು ನಿಜವಾಗಿ ಮರೆತಿದ್ದು ಒಂದೇ ಸಲ. ಆಮೇಲಿನ ಆರು ಸಲ ಬೇಕಂತಲೇ ಬಿಟ್ಟಿದ್ದು.

೧೯೮೭. ಸಾಗರದ ಒಂದು ಮಹಡಿಯಲ್ಲಿ ಕಂಪ್ಯೂಟರ್ ಕ್ಲಾಸ್. ಹನ್ನೆರಡು ಜನಕ್ಕೆ ಒಂದೇ ಮೆಷಿನ್. ಹಾಗಾಗಿ ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಗುತ್ಯಪ್ಪ ಮೇಷ್ಟ್ರು ಕೆಂಪು ಶಾಯಿಯಲ್ಲಿ ಸರಿ ಹಾಕಿದರೆ ಮಾತ್ರ ಹದಿನೈದು ನಿಮಿಷ ಮೆಷಿನ್. ತಪ್ಪಿದ್ದರೆ ಅವರ ಪಕ್ಕದ ಬೆಂಚಿನಲ್ಲಿ ಕೂತು ತಿದ್ದಬೇಕು. ನನಗೆ ಮೆಷಿನ್‌ಗಿಂತ ಆ ಬೆಂಚೇ ಇಷ್ಟ.

“ಮೂಕಾಂಬಿಕಾ, ಹುಡುಕಿದ ಹೆಸರು ಸಿಕ್ತಲ್ಲ. ಆಮೇಲೂ ಪಟ್ಟೀಲಿ ಯಾರನ್ನ ಹುಡುಕ್ತಾ ಇದೆ ನಿಮ್ಮ ಪ್ರೋಗ್ರಾಮು?”

“ಅದನ್ನೇ ಕೇಳ್ಬೇಕು ಸಾರ್.”

“ಪಟ್ಟಿ ಮುಗಿದ್ಮೇಲೆ ಎರರ್ ಬರ್ತದೆ.”

“ಸ್ವಿಚ್ ತೆಗೆದ್ರಾಯ್ತು.”

“ಟೈಪ್ ಮಾಡಿದ್ದೆಲ್ಲ ಹೋಗ್ತದೆ. ಸಿಕ್ಕಿದ ಕೂಡ್ಲೇ ಎಂಡ್ ಹಾಕಿ. ಅಲ್ಲೇ ನಿಲ್ತದೆ, ಏನೂ ಹಾಳಾಗಲ್ಲ.”

ಹೇಳುತ್ತಾ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಏಳನೇ ಸಲಕ್ಕೂ ಅವರಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಿದ್ದೂ ಬೆಂಚಿನ ಧೂಳು ಒರೆಸಿಡುತ್ತಿದ್ದರು.

ಆ ವಾರವೇ ತೀರ್ಥಹಳ್ಳಿಯ ಗಂಡಿನ ಕಡೆಯವರು ಒಪ್ಪಿದರು. ಅಪ್ಪ, “ಇನ್ನು ಕ್ಲಾಸು ಸಾಕು” ಅಂದರು. ಪುಸ್ತಕ ವಾಪಸ್ ಕೊಡಬೇಕು ಅಂತ ಸುಳ್ಳು ಹೇಳಿ, ನಮ್ಮೂರು ಹೊಸನಗರದಿಂದ ಕೊನೆಯ ಸಲ ಸಾಗರದ ಬಸ್ ಹತ್ತಿದೆ. ಮಧ್ಯಾಹ್ನದ ಹೊತ್ತು, ಮೇಷ್ಟ್ರೊಬ್ಬರೇ ಬೋರ್ಡ್ ಒರೆಸುತ್ತಿದ್ದರು.

“ನೀವು ಬಂದು ಅಪ್ಪನ ಹತ್ರ ಒಂದು ಮಾತು ಕೇಳಿದ್ರೆ?” ಅಂದೆ.

“ನಾವು ಗೇಣಿಗೆ ಮಾಡ್ತಿದ್ದ ಅವರ ಗದ್ದೆ, ಉಳುವವನಿಗೇ ಭೂಮಿ ಅಂತ ಕಾನೂನು ಬಂದಾಗ ಡಿಕ್ಲರೇಷನ್‌ನಲ್ಲಿ ನಮ್ಮಪ್ಪನ ಹೆಸರಿಗಾಯ್ತು. ಹತ್ತು ವರ್ಷ ಆದ್ರೂ ದಾರೀಲಿ ಸಿಕ್ಕಿದ್ರೆ ಮುಖ ತಿರುಗಿಸ್ತಾರೆ. ಈಗ ಮಗಳನ್ನೂ ಕೊಡಿ ಅಂತ ಹೆಂಗೆ ಕೇಳ್ಲಿ?”

ಹೇಡಿ ಅಂತ ಮನಸ್ಸಿನಲ್ಲೇ ಬೈದೆ. ಆದರೆ ಅವರು ಹೇಳಿದ್ದು ನಿಜ. ಅಪ್ಪ ಅಂಗಳ ಹತ್ತಲೂ ಬಿಡುತ್ತಿರಲಿಲ್ಲ.

“ಹೋಗ್ಲಿ. ಒಂದು ಕೇಳ್ತೀನಿ, ಇಲ್ಲ ಅಂದ್ಬಿಡಿ, ಹೋಗ್ತೀನಿ. ನನ್ನ ಮೇಲೆ ನಿಮಗೆ ಏನಾದ್ರೂ ಇತ್ತಾ?”

ದಾರಿಯುದ್ದಕ್ಕೂ ಆ ‘ಇಲ್ಲ’ಕ್ಕೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅದು ಕಿವಿಗೆ ಬಿದ್ದರೆ ಸಿಟ್ಟು ಬರುತ್ತದೆ, ಆ ಸಿಟ್ಟಿನಲ್ಲೇ ತಾಳಿ ಕಟ್ಟಿಸಿಕೊಂಡುಬಿಡಬಹುದು ಅಂದುಕೊಂಡಿದ್ದೆ.

ಅವರು ಡಸ್ಟರ್ ಕೆಳಗಿಟ್ಟರು.

“ಮೊದಲ್ನೇ ದಿನದಿಂದ,” ಅಂದರು.

ಇಲ್ಲ ಅಂದಿದ್ದರೆ ಮೆಟ್ಟಿಲಿಳಿಯುವುದು ಎಷ್ಟು ಸುಲಭವಾಗಿರುತ್ತಿತ್ತು.