ಪೂರ್ತಿ ನಿರ್ದೋಷಿ

ನ್ಯಾಯಾಧೀಶರು ಅವನನ್ನು ಬಿಟ್ಟರು, ಆದರೆ ಬಿಟ್ಟ ರೀತಿ ಅವನಿಗೆ ಹಿಡಿಸಲಿಲ್ಲ. ‘ಸಂಶಯದ ಲಾಭ ನೀಡಿ’ ಎಂದು ಬರೆದಿದ್ದರು. ಮ್ಯೂಸಿಯಂನ ಗಡಿಯಾರಗಳನ್ನು ಮೂವತ್ತು ವರ್ಷ ನೋಡಿಕೊಂಡವನಿಗೆ ಭಿಕ್ಷೆ ಹಾಕಿದ ಹಾಗೆ!

ಮೂರು ವರ್ಷದ ಹಿಂದೆ ಅಲ್ಲಿಂದ ಚಿನ್ನದ ಜೇಬುಗಡಿಯಾರ ಕದ್ದವನು ಅವನೇ, ಆ ಮಾತು ಬೇರೆ. ಪೊಲೀಸರು ಮನೆಯೆಲ್ಲ ಜಾಲಾಡಿ, ಕೊನೆಗೆ ಗೋಡೆ ಗಡಿಯಾರ ನೋಡಿ, ಊಟದ ಹೊತ್ತಾಯಿತೆಂದು ಎದ್ದು ಹೋಗಿದ್ದರು. ಮಾಲು ಆ ಗಡಿಯಾರದ ಹೊಟ್ಟೆಯಲ್ಲೇ ಇತ್ತು.

ಕೆಲಸ ವಾಪಸು ಕೇಳಲು ಹೋದರೆ ಮ್ಯೂಸಿಯಂ ಮೇಡಂ ತೀರ್ಪನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ನೀವು ಕದ್ದಿಲ್ಲ ಅಂತ ಇದ್ರಲ್ಲಿ ಎಲ್ಲಿದೆ? ಸಾಬೀತಾಗ್ಲಿಲ್ಲ ಅಂತಿದೆ, ಅಷ್ಟೆ. ನಿಜವಾದ ಕಳ್ಳ ಸಿಗ್ಲಿ, ಮಾರನೇ ದಿನಾನೇ ಬನ್ನಿ.”

“ಜೈಲು ತಪ್ಪಿತಲ್ಲ, ಸಾಕು ಬಿಡ್ರೀ” ಎಂದಳು ಹೆಂಡತಿ.

“ಸಾಕಾ? ನನ್ನ ಮಾನ ಎಲ್ಲೇ ಹೋಯ್ತು?” ಎಂದು ಹರಿಹಾಯ್ದ. ಸಿಟ್ಟು ನಿಜವಾದದ್ದೇ. ತಾನು ಕದ್ದದ್ದು ಹೌದು. ಆದರೆ ಅದನ್ನು ನಂಬಲು ಈ ಜನಕ್ಕೆ ಏನು ಆಧಾರ?

ನಿಜವಾದ ಕಳ್ಳ ಬೇಕು ತಾನೆ? ಒದಗಿಸಿದರಾಯಿತು. ಅವನು ಆರಿಸಿಕೊಂಡದ್ದು ಮ್ಯೂಸಿಯಂನ ಕಾವಲುಗಾರನನ್ನು. ಎಂಟು ತಿಂಗಳ ಹಿಂದೆ ತೀರಿಕೊಂಡಿದ್ದ. ಎದುರುತ್ತರ ಕೊಡುವ ಪೈಕಿ ಅಲ್ಲ. ಕಾವಲಿನ ಕೋಣೆಯಲ್ಲಿದ್ದ ಅವನ ಕಬ್ಬಿಣದ ಬೀರು ಅಂದಿನಿಂದ ಬೀಗ ಹಾಕಿದ ಹಾಗೇ ಇತ್ತು.

ತನ್ನ ಹಳೆಯ ಹತಾರ ಒಯ್ಯುವ ನೆಪದಲ್ಲಿ ಒಂದು ಮಧ್ಯಾಹ್ನ ಮ್ಯೂಸಿಯಂ ಒಳಹೊಕ್ಕ. ಕಾವಲಿನ ಕೋಣೆ ಖಾಲಿ. ಕೂದಲೆಳೆಯಂಥ ಸ್ಪ್ರಿಂಗು ಕೂರಿಸುವ ಬೆರಳುಗಳಿಗೆ ಆ ಬೀಗ ಎಷ್ಟರದು! ಬೆಳಿಗ್ಗೆಯೇ ಮೆತ್ತನೆ ಚರ್ಮದಲ್ಲಿ ಒರೆಸಿ ಬೆರಳಚ್ಚು ಅಳಿಸಿದ್ದ ಜೇಬುಗಡಿಯಾರವನ್ನು ಸತ್ತವನ ಟೋಪಿಯೊಳಗಿಟ್ಟ. ಬೀರುವಿನ ಮೂಲೆಯ ಧೂಳನ್ನೇ ಬಳಿದು ಟೋಪಿಯ ಮೇಲೆ ಉದುರಿಸಿ, ಬೀಗ ಮತ್ತೆ ಹಾಕಿದ. ಹೋಗುವಾಗ, ಕಾವಲುಗಾರನ ಬೀರು ನೋಡಿ ಎಂದು ಬರೆದ ಹೆಸರಿಲ್ಲದ ಚೀಟಿಯೊಂದನ್ನು ದೂರಿನ ಪೆಟ್ಟಿಗೆಗೆ ಹಾಕಿದ.

ಮಾರನೆಯ ಬೆಳಿಗ್ಗೆ ಅವನನ್ನೂ ಕರೆಸಿದರು. ಮೇಡಂ ಇದ್ದರು, ಇನ್‌ಸ್ಪೆಕ್ಟರ್ ಇದ್ದರು, ಬೀಗದ ಕೈ ಹಿಡಿದು ಕಾವಲುಗಾರನ ಹೆಂಡತಿಯೂ ನಿಂತಿದ್ದಳು. ಬೀರು ತೆರೆಯಿತು, ಟೋಪಿ ಎತ್ತಿದರು, ಚಿನ್ನ ಹೊಳೆಯಿತು. ಅವನು ಮುಖಕ್ಕೆ ಹದವಾದ ದುಃಖ ತಂದುಕೊಂಡ.

“ಸತ್ತೋರ ಮೇಲೆ ನನಗೇನೂ ಸಿಟ್ಟಿಲ್ಲ ಕಣಮ್ಮ.”

ಆಕೆ ಅವನ ಕಡೆ ನೋಡಲೇ ಇಲ್ಲ. ಬಗ್ಗಿ ಗಡಿಯಾರಕ್ಕೆ ಕಿವಿ ಕೊಟ್ಟಳು. “ಟಿಕ್ ಟಿಕ್ ಅಂತಿದೆ ಸಾರ್. ನಮ್ಮನೆಯವ್ರು ಹೋಗಿ ಎಂಟು ತಿಂಗಳಾಯ್ತು. ಇದಕ್ಕೆ ಕೀ ಕೊಟ್ಟೋರು ಯಾರು?” ಒಂದು ಸಲ ಕೀ ಕೊಟ್ಟರೆ ಹೆಚ್ಚೆಂದರೆ ಒಂದೂವರೆ ದಿನ ನಡೆಯುವ ಗಡಿಯಾರ. ಒರೆಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು; ಒರೆಸಿದ ಮೇಲೆ, ಕೈಗೆ ಬಂದ ಪ್ರತಿ ಗಡಿಯಾರಕ್ಕೂ ಮಾಡುವ ಹಾಗೆ, ಬೆರಳುಗಳು ತಮ್ಮ ಪಾಡಿಗೆ ಕೀ ತಿರುಗಿಸಿ ಮುಳ್ಳನ್ನು ಸರಿಯಾದ ಸಮಯಕ್ಕೆ ಕೂರಿಸಿದ್ದು ನೆನಪಿರಲಿಲ್ಲ. ಇನ್‌ಸ್ಪೆಕ್ಟರ್ ತಮ್ಮ ಕೈಗಡಿಯಾರ ನೋಡಿಕೊಂಡರು. ಒಂದು ನಿಮಿಷದ ವ್ಯತ್ಯಾಸವೂ ಇರಲಿಲ್ಲ.