ಮೊದಲು ನಿಮ್ಮವರು ಲೈನಿಗೆ ಬರಲಿ

"ಮೊದಲು ನಿಮ್ಮ ಸಾಹೇಬರು ಲೈನಿಗೆ ಬರಲಿ. ಆಮೇಲೆ ನಮ್ಮ ಮೇಡಂಗೆ ಕೊಡ್ತೀನಿ."

"ಇಲ್ಲ, ಮೊದಲು ನಿಮ್ಮ ಮೇಡಂ ಬರಲಿ. ಆಮೇಲೆ ನಮ್ಮ ದೊಡ್ಡವರಿಗೆ ಕೊಡ್ತೀನಿ."

"ಅದು ಸಾಧ್ಯವೇ ಇಲ್ಲ!"

"ಇದೂ ಸಾಧ್ಯ ಇಲ್ಲ."

ಅವಳು ಹಲ್ಲು ಕಡಿದಳು. ಆ ಕಡೆಯ ಗಂಡು ದನಿ ಮಾತ್ರ ಕೋಪವೆಂದರೇನೆಂದೇ ತಿಳಿಯದ ಹಾಗೆ ಮೆತ್ತಗಿತ್ತು. ಅದರಿಂದ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಒಂದ್ನಿಮಿಷ ಹೋಲ್ಡ್ ಮಾಡಿ," ಎಂದಿತು ಆ ದನಿ.

ಒಂದು ನಿಮಿಷ ಹನ್ನೊಂದು ನಿಮಿಷವಾಯಿತು. ಅವನೂ ಫೋನ್ ಇಡಲಿಲ್ಲ, ಅವಳೂ ಇಡಲಿಲ್ಲ. ಅವನು ಪುಟ ತಿರುವುವ ಸದ್ದು ಅವಳಿಗೆ ಕೇಳುತ್ತಿತ್ತು. ಅವಳು ಪೆನ್ನಿನಿಂದ ಮೇಜು ಕುಟ್ಟುವ ಸದ್ದು ಅವನಿಗೂ ಕೇಳುತ್ತಿದ್ದಿರಬೇಕು.

ಇದೆಂಥ ಹುಚ್ಚಾಟ ಅಂತ ನಿಮಗೆ ಅನ್ನಿಸಬಹುದು. ಆದರೆ ಪಿ.ಎ.ಗಳ ಲೋಕದಲ್ಲಿ ಇದು ಮಾನದ ಪ್ರಶ್ನೆ! ಯಾರ ಸಾಹೇಬರು ಮೊದಲು ಲೈನಿಗೆ ಬಂದು ಕಾಯುತ್ತಾರೋ ಅವರು ಸಣ್ಣವರು. ಅವರನ್ನು ಕಾಯಿಸಿದ ಪಿ.ಎ. ದಡ್ಡ. ನಮ್ಮ ಹುಡುಗಿ ಪಿ.ಎ. ಕುರ್ಚಿಯಲ್ಲಿ ಕೂತು ಎರಡೇ ವಾರವಾಗಿತ್ತು, ಆದರೂ ಈ ಪಾಠ ಅವಳ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು.

ಹನ್ನೆರಡನೇ ನಿಮಿಷಕ್ಕೆ ಇಬ್ಬರೂ ಒಟ್ಟಿಗೆ, "ನಾಳೆ ಮಾಡ್ತೀನಿ," ಎಂದರು. ಆ ಕಡೆಯಿಂದ ಸಣ್ಣ ನಗು ಕೇಳಿಸಿತು.

'ನಗ್ತಾನೆ ಬೇರೆ! ಹೋಲ್ಡ್ ಸ್ವಾಮಿ!' ಎಂದು ಅಂದೇ ಅವನಿಗೆ ನಾಮಕರಣವಾಯಿತು.

* * *

ಮೇಡಂ ಕಟ್ಟಡಗಳ ನಕ್ಷೆ ಮಾಡುವವರು. ಮೂರನೇ ಮಹಡಿಯಲ್ಲಿ ಅವರ ಆಫೀಸು. ಉದ್ದನೆಯ ಮೇಜುಗಳು, ಸುತ್ತಿಟ್ಟ ಕಾಗದಗಳು, ಕಿಟಕಿಯ ಪಕ್ಕ ರಟ್ಟಿನಲ್ಲಿ ಮಾಡಿದ ಪುಟಾಣಿ ಗ್ರಂಥಾಲಯ. ಅಂಗೈಯಗಲದ ಓದುವ ಕೋಣೆ, ಬೆಂಕಿಕಡ್ಡಿಯಷ್ಟೇ ಬೆಂಚುಗಳು. ಊರಿನ ಮಕ್ಕಳಿಗಾಗಿ ಅದನ್ನು ನಿಜವಾಗಿ ಕಟ್ಟಬೇಕೆಂಬುದು ಮೇಡಂ ಅವರ ಹತ್ತು ವರ್ಷದ ಕನಸು. ಕಟ್ಟಿಸಬೇಕಾದವರು ದೊಡ್ಡವರು. ಅವರೊಂದು ಟ್ರಸ್ಟಿನ ಮುಖ್ಯಸ್ಥರು. ಮೇಡಂ ಬರೆದ ನಾಲ್ಕು ಪತ್ರಗಳಿಗೆ ಅಲ್ಲಿಂದ ಉತ್ತರವೇ ಬಂದಿರಲಿಲ್ಲ.

"ನೋಡಮ್ಮಾ," ಎಂದಿದ್ದರು ಮೇಡಂ, ಕನ್ನಡಕದ ಮೇಲಿಂದ. "ನಿನಗೆ ಮೂರು ತಿಂಗಳು ಟೈಮ್. ಅಷ್ಟರಲ್ಲಿ ದೊಡ್ಡವರ ಜೊತೆ ನನಗೆ ಅರ್ಧ ಗಂಟೆ ಕೊಡಿಸು. ಕೊಡಿಸಿದರೆ ಈ ಕುರ್ಚಿ ನಿನ್ನದು. ಇಲ್ಲಾಂದ್ರೆ ಮತ್ತೆ ಕೆಳಗೆ ರಿಸೆಪ್ಶನ್‌ಗೆ."

ನಾಲ್ಕು ವರ್ಷ ರಿಸೆಪ್ಶನ್‌ನಲ್ಲಿ ಕೂತು "ಸಹಿ ಮಾಡಿ, ಟೈಮ್ ಬರೀರಿ" ಎಂದು ಹೇಳಿ ಹೇಳಿ ಅವಳಿಗೆ ಬಾಯಿ ಒಣಗಿ ಹೋಗಿತ್ತು. ಮತ್ತೆ ಅಲ್ಲಿಗಾ? ಬೇಡವೇ ಬೇಡ!

ಹಿಂದಿನ ಪಿ.ಎ.ಯನ್ನು ಎಲ್ಲರೂ ಹಿರಿಯಕ್ಕ ಎನ್ನುತ್ತಿದ್ದರು. ನಿವೃತ್ತಿಯ ದಿನ ಆಕೆ ಇವಳನ್ನು ಪಕ್ಕ ಕೂರಿಸಿಕೊಂಡು ಹೇಳಿದ್ದರು.

"ಮೇಡಂ ಕೇಳೋ ಮುಂಚೆ ಫೈಲ್ ಮೇಜಿನ ಮೇಲಿರಬೇಕು. ಎರಡು ಮೀಟಿಂಗ್ ನಡುವೆ ಹದಿನೈದು ನಿಮಿಷ ಉಸಿರಾಡೋಕೆ ಬಿಡು. ಏನೇ ಗೊತ್ತಾದ್ರೂ ಎರಡು ಸಲ ಕನ್ಫರ್ಮ್ ಮಾಡು. ಆಮೇಲೆ... ಇಲ್ಲ ಅನ್ನೋದನ್ನ ಸಿಹಿಯಾಗಿ ಅನ್ನೋದು ಕಲಿ. ಒಳ್ಳೆ ಪಿ.ಎ. ಫೋನಿನಲ್ಲಿ ಎಷ್ಟು ಸಿಹಿಯಾಗಿ ಮಾತಾಡ್ತಾರೆ ಅಂದ್ರೆ, ಬೇಡವಾದವನಿಗೆ ತಾನು ಬೇಡ ಅಂತಾನೇ ಗೊತ್ತಾಗಲ್ಲ."

ಕೊನೆಯ ಮಾತನ್ನು ಅವಳು ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದಳು. ಆ ಗೆರೆ ಮುಂದೆ ಅವಳಿಗೆ ಎಷ್ಟು ಕಣ್ಣೀರು ತರಿಸಲಿದೆ ಎಂದು ಆಗ ಗೊತ್ತಿರಲಿಲ್ಲ.

* * *

ಮರುದಿನವೂ ಫೋನು. ಅದರ ಮರುದಿನವೂ. ಸರಿಯಾಗಿ ಹನ್ನೊಂದು ಹತ್ತಕ್ಕೆ.

"ದೊಡ್ಡವರು ಇದ್ದಾರಾ?"

"ಇದ್ದಾರೆ. ಆದರೆ ಇವತ್ತು ಕೇಳಬೇಡಿ. ಮಂಡಿ ನೋವು ಜಾಸ್ತಿ ಇದ್ದಾಗ ಅವರು ಎಲ್ಲದಕ್ಕೂ ಇಲ್ಲ ಅಂತಾರೆ."

ಅವಳು ಪೆನ್ನು ಕೆಳಗಿಟ್ಟಳು. "ಇದನ್ನ ನನಗ್ಯಾಕೆ ಹೇಳ್ತಾ ಇದೀರಿ?"

"ನಿಮ್ಮ ಮೇಡಂ ಪತ್ರ ಓದಿದೀನಿ. ನಾಲ್ಕನ್ನೂ." ದನಿ ಸ್ವಲ್ಪ ತಗ್ಗಿತು. "ಆ ಗ್ರಂಥಾಲಯ ಆಗಬೇಕು ರೀ. ಆದರೆ ಪತ್ರ ತುಂಬಾ ಉದ್ದ. ಒಂದೇ ಪುಟ ಬರೆಸಿ. ಮಕ್ಕಳು ಎಲ್ಲಿ ಕೂರ್ತಾರೆ ಅನ್ನೋದರಿಂದ ಶುರು ಮಾಡಿಸಿ."

ಅವಳು ಹಾಗೆಯೇ ಮಾಡಿಸಿದಳು. ಐದನೇ ಪತ್ರಕ್ಕೆ ಉತ್ತರ ಬಂತು!

ಅಲ್ಲಿಂದ ಮುಂದೆ ಅವಳ ಕೆಲಸಕ್ಕೊಂದು ಕಳೆ ಬಂತು. ಯಾರನ್ನು ಕಾಯಿಸಬಹುದು, ಯಾರನ್ನು ಕಾಯಿಸಬಾರದು, ಮೇಡಂ ಸುಮ್ಮನಿದ್ದರೆ ಕೋಪವೋ ಯೋಚನೆಯೋ ಎಂಬುದೆಲ್ಲ ಅವಳಿಗೆ ಅರ್ಥವಾಗತೊಡಗಿತು. ತಪ್ಪಾದಾಗ ಕಾರಣ ಹುಡುಕದೆ ಮೊದಲು ತಪ್ಪನ್ನು ಹೇಳಿಬಿಡಬೇಕು ಎಂಬುದನ್ನು ಕಲಿಸಿದವನೂ ಅವನೇ.

ಕೊನೆಗೂ ದಿನ ಗೊತ್ತಾಯಿತು. ಮೂರು ವಾರದ ನಂತರದ ಗುರುವಾರ, ಬೆಳಿಗ್ಗೆ ಹನ್ನೊಂದು. ಇನ್ನು ಫೋನ್ ಮಾಡುವ ಅಗತ್ಯವೇ ಇರಲಿಲ್ಲ ನೋಡಿ!

ಮರುದಿನ ಹನ್ನೊಂದು ಹತ್ತಕ್ಕೆ ಫೋನ್ ಬಡಿದುಕೊಂಡಿತು.

"ಸುಮ್ಮನೆ... ಗುರುವಾರದ್ದು ಕನ್ಫರ್ಮ್ ಮಾಡೋಣ ಅಂತ."

"ನಿನ್ನೆ ತಾನೇ ಮಾಡಿದ್ವಲ್ಲ?"

"ಎರಡು ಸಲ ಮಾಡಬೇಕು ಅಂತಾರೆ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎರಡು ಸಲ ಹೋಗಿ ಹದಿನೈದು ಸಲವಾಯಿತು. ಅವನ ಕಿಟಕಿಯಾಚೆ ಒಂದು ಮರವಿದೆ, ಅವನು ಚಹಾ ಆರಿಸಿಕೊಂಡೇ ಕುಡಿಯುತ್ತಾನೆ, ದೊಡ್ಡವರ ಬಳಿ ಒಂಬತ್ತು ವರ್ಷದಿಂದ ಇದ್ದಾನೆ. ಅವನ ಮುಖ ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕೂತು ಕಣ್ಣು ಮುಚ್ಚಿದರೆ ಆ ದನಿಗೊಂದು ಮುಖ ಬರೆಯುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ಬರೆಯುತ್ತಿದ್ದಳು. ಎರಡು ಸಲ ಇಳಿಯುವ ಸ್ಟಾಪೇ ದಾಟಿ ಹೋಗಿತ್ತು.

"ಅಕ್ಕಾ, ಒಂದು ಡೌಟು," ಎಂದಳು ಒಂದು ರಾತ್ರಿ ಮನೆಯಲ್ಲಿ ತಂಗಿ, ಬಟ್ಟೆ ಮಡಚುತ್ತಾ. "ಗುರುವಾರದ ಮೀಟಿಂಗ್ ಅವರಿಬ್ಬರದ್ದೋ, ನಿಮ್ಮಿಬ್ಬರದ್ದೋ?"

"ಬಾಯಿ ಮುಚ್ಕೊಂಡು ಮಡಚೇ!" ಎಂದು ಅವಳು ದಿಂಬು ಎಸೆದಳು. ಕೆನ್ನೆ ಮಾತ್ರ ಬಿಸಿಯಾಗಿತ್ತು.

ಮೀಟಿಂಗಿನ ಹಿಂದಿನ ದಿನ, ಬುಧವಾರ, ಅವಳೂ ಅವನೂ ಫೋನಿನಲ್ಲಿ ಇಪ್ಪತ್ತೇಳು ನಿಮಿಷ ಮಾತಾಡಿದರು. ಚಿಕ್ಕವಳಿದ್ದಾಗ ತಾನು ಹಾಳಾದ ಫೋನೊಂದರ ವೈರನ್ನು ಮಂಚದ ಕಾಲಿಗೆ ಕಟ್ಟಿ 'ಆಫೀಸಾಟ' ಆಡುತ್ತಿದ್ದುದನ್ನು ಅವಳು ಹೇಳಿದಳು. ಅಜ್ಜಿ ಬಂದು, "ನನ್ನ ಫೋನ್ ಬಂತಾ?" ಎಂದು ದಿನಾ ಕೇಳುತ್ತಿದ್ದರಂತೆ. ಇವಳು ದಿನಾ, "ಲೈನಲ್ಲಿರಿ," ಎನ್ನುತ್ತಿದ್ದಳಂತೆ. ಅವನು ನಡುವೆ ಒಂದು ಮಾತೂ ಆಡದೆ ಕೇಳಿದ. ಅಷ್ಟು ಹೊತ್ತು ತನ್ನ ಮಾತನ್ನು ಯಾರೂ ಕೇಳಿರಲಿಲ್ಲ ಎಂದು ಅವಳಿಗೆ ಅನ್ನಿಸಿತು.

ಫೋನ್ ಇಟ್ಟ ಮೇಲೂ ರಿಸೀವರ್ ಅವಳ ಅಂಗೈಯಲ್ಲಿ ಬೆಚ್ಚಗಿತ್ತು. ಇಡೀ ಮಧ್ಯಾಹ್ನ ಅವಳು ನೆಲದಿಂದ ಎರಡು ಬೆರಳು ಮೇಲೆಯೇ ಓಡಾಡಿದಳು.

* * *

ಗುರುವಾರ ಹನ್ನೊಂದೂವರೆಗೆ ಮೇಡಂ ವಾಪಸು ಬಂದರು. ಕೈಯಲ್ಲಿ ರಟ್ಟಿನ ಗ್ರಂಥಾಲಯ ಹಾಗೇ ಇತ್ತು.

"ಬಾಗಿಲಿಗೆ ಬೀಗ," ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. "ನಿನ್ನ ಆ ಪಿ.ಎ. ದೊಡ್ಡವರನ್ನ ಡಾಕ್ಟರ್ ಹತ್ತಿರ ಕರಕೊಂಡು ಹೋಗಿದಾನಂತೆ, ವಾಚ್‌ಮನ್ ಹೇಳಿದ. ನೀನು ನಿನ್ನೆ ಕನ್ಫರ್ಮ್ ಮಾಡಿದ್ಯಾ?"

ನಿನ್ನೆ... ಇಪ್ಪತ್ತೇಳು ನಿಮಿಷ... ಮಂಚ, ವೈರು, ಅಜ್ಜಿ...

ಎಲ್ಲ ಮಾತಾಡಿದ್ದಳು. ಅದೊಂದನ್ನು ಮಾತ್ರ ಕೇಳಿರಲಿಲ್ಲ!

"ಇಲ್ಲ ಮೇಡಂ. ತಪ್ಪು ನನ್ನದೇ."

ಮೇಡಂ ಮಾದರಿಯನ್ನು ಅವಳ ಮೇಜಿನ ಮೇಲಿಟ್ಟು ಒಳಗೆ ಹೋದರು. ದಾರಿಯಲ್ಲಿ ಪುಟಾಣಿ ಬೆಂಚೊಂದು ಕಿತ್ತು ಬಂದಿತ್ತು. ಅವಳು ಅದಕ್ಕೆ ಅಂಟು ಹಚ್ಚಿ ಒತ್ತಿ ಹಿಡಿದುಕೊಂಡು ಕೂತಳು. ಆಗಲೇ ಡೈರಿಯ ಆ ಗೆರೆ ಕಣ್ಣಿಗೆ ಬಿತ್ತು. 'ಬೇಡವಾದವನಿಗೆ ತಾನು ಬೇಡ ಅಂತಾನೇ ಗೊತ್ತಾಗಲ್ಲ.'

ಓ... ಹಾಗಾದರೆ ಅದೆಲ್ಲ ಅದೇನಾ? ಆ ಮೆತ್ತನೆಯ ದನಿ, ಆ ನಗು, ಆ ಮರ, ಚಹಾ? ಅವನು ಒಳ್ಳೆಯ ಪಿ.ಎ., ಅಷ್ಟೇ. ತುಂಬಾ ಒಳ್ಳೆಯ ಪಿ.ಎ.!

ಮಧ್ಯಾಹ್ನ ಫೋನ್ ಬಂತು. ಅವನಿಗೆ ಏದುಸಿರು.

"ಕೇಳಿ, ಆಸ್ಪತ್ರೆಯಲ್ಲಿ ಕೂತಾಗ ನೆನಪಾಯ್ತು, ನಾನು..."

"ವಿಷಯ ಹೇಳಿ. ಬರ್ಕೋತೀನಿ."

"...ಹೀಗೆ ಮಾತಾಡಬೇಡಿ."

"ನಿಮ್ಮಿಂದಲೇ ಕಲಿತದ್ದು ಸರ್. ಸಿಹಿಯಾಗಿ ಮಾತಾಡಿ ಜನರನ್ನ ದೂರ ಇಡೋದು. ನನಗಿನ್ನೂ ಸಿಹಿ ಅಭ್ಯಾಸ ಆಗಿಲ್ಲ, ಕ್ಷಮಿಸಿ."

ಫೋನ್ ಇಟ್ಟಳು. ಆಮೇಲೆ ವಾಶ್‌ರೂಮಿನಲ್ಲಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು. ಎಂಥ ಹುಡುಗಿ ನೋಡಿ, ಹೊರಬಂದು ಮೇಡಂಗೆ ಮೂರು ಗಂಟೆಯ ಫೈಲನ್ನು ಎರಡೂ ಮುಕ್ಕಾಲಿಗೇ ಕೊಟ್ಟಳು.

* * *

ಸೋಮವಾರ. ಮೂರು ತಿಂಗಳು ಮುಗಿಯಲು ಇನ್ನು ನಾಲ್ಕು ದಿನ. ಹನ್ನೊಂದು ಹತ್ತಕ್ಕೆ ಫೋನ್ ಬಡಿದುಕೊಂಡಾಗ ಅವಳು ದನಿ ಗಟ್ಟಿಮಾಡಿಕೊಂಡು ಎತ್ತಿದಳು.

"ಹಲೋ, ಯಾರು ಮಾತಾಡ್ತಿರೋದು?"

"ನಾನಮ್ಮಾ."

ಅವನ ದನಿಯಲ್ಲ. ವಯಸ್ಸಾದ, ಸ್ವಲ್ಪ ನಡುಗುವ ದನಿ.

ಅವಳು ಕುರ್ಚಿಯಿಂದ ಎದ್ದೇ ಬಿಟ್ಟಳು. ದೊಡ್ಡವರು! ಖುದ್ದಾಗಿ ಲೈನಿನಲ್ಲಿ! ಕಾಯುತ್ತಾ!

"ಸರ್... ನೀವು... ಮೊದಲು..."

"ಹೌದಮ್ಮಾ. ನಮ್ಮ ಹುಡುಗ ಹೇಳಿದ, ನೀವೇ ಮೊದಲು ಲೈನಿಗೆ ಹೋಗಿ, ಆ ಕಡೆಯವರಿಗೆ ನಾನು ಸೋಲಬೇಕಾಗಿದೆ ಅಂತ. ಇದೇನು ಆಟವೋ ನನಗಂತೂ ಅರ್ಥ ಆಗಲಿಲ್ಲ." ದೊಡ್ಡವರು ನಕ್ಕರು. "ಗುರುವಾರ ಆದದ್ದು ನಿನ್ನ ತಪ್ಪಲ್ಲ, ಇದನ್ನ ನಿಮ್ಮ ಮೇಡಂಗೂ ನಾನೇ ಹೇಳ್ತೀನಿ. ಡಾಕ್ಟರು ಟೈಮ್ ಬದಲಾಯಿಸಿದ ಚೀಟಿ ಬುಧವಾರ ಪೂರ್ತಿ ಅವನ ಕೈ ಕೆಳಗೇ ಇತ್ತಂತೆ. ನಿನಗೆ ಹೇಳೋಕೆ ಅಂತಲೇ ಫೋನ್ ಮಾಡಿದ್ನಂತೆ. ಆಮೇಲೆ ಯಾವುದೋ ಮಂಚದ ಕಾಲಿಗೆ ಕಟ್ಟಿದ ಫೋನಿನ ಕಥೆ ಕೇಳ್ತಾ ಕೂತು ಮರೆತನಂತೆ! ಒಂಬತ್ತು ವರ್ಷದಲ್ಲಿ ಇವನು ಒಂದೇ ಒಂದು ವಿಷಯ ಮರೆತಿದ್ದಿಲ್ಲ ಕಣಮ್ಮಾ."

ಅವಳು ಮತ್ತೆ ಕುರ್ಚಿಯಲ್ಲಿ ಕೂತಳು.

ಒಳ್ಳೆಯ ಪಿ.ಎ. ಮರೆಯುವುದಿಲ್ಲ. ಅವನು ಮರೆತಿದ್ದ. ಹಾಗಾದರೆ ಆ ಇಪ್ಪತ್ತೇಳು ನಿಮಿಷ ಅವನು ಪಿ.ಎ. ಆಗಿರಲೇ ಇಲ್ಲ! ಹೊಟ್ಟೆಗೆ ಹಾಲು ಹೊಯ್ದಂತಾಯಿತು ಅವಳಿಗೆ.

"ಅಮ್ಮಾ, ಲೈನಲ್ಲಿದೀಯಾ?"

"ಇದೀನಿ ಸರ್," ಎಂದಳು, ಕಣ್ಣೊರೆಸಿಕೊಂಡು. "ಮೇಡಂಗೆ ಕೊಡ್ತೀನಿ."

* * *

ದೊಡ್ಡವರು ಕೊಟ್ಟ ಹೊಸ ಟೈಮಿಗೆ, ಆ ಬುಧವಾರ, ಅವಳೇ ರಟ್ಟಿನ ಗ್ರಂಥಾಲಯವನ್ನು ಮಡಿಲಲ್ಲಿಟ್ಟುಕೊಂಡು ಮೇಡಂ ಜೊತೆ ಹೋದಳು. ಹಳೆಯ ಕಟ್ಟಡ, ತಂಪಾದ ಓಣಿ. ಬಾಗಿಲು ತೆರೆದವನು ತೆಳ್ಳಗಿದ್ದ, ಕಿವಿ ಸ್ವಲ್ಪ ದೊಡ್ಡವು. ಅವಳು ಬಸ್ಸಿನಲ್ಲಿ ಬರೆದ ಯಾವ ಮುಖವೂ ಇದಾಗಿರಲಿಲ್ಲ. ಆದರೆ ಇನ್ನು ಬೇರೆ ಮುಖ ಬರೆಯಲು ಸಾಧ್ಯವಿಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು.

ಇಷ್ಟು ದಿನ ಮಾತಿನ ಮಳೆ ಸುರಿಸಿದವರಿಗೆ ಎದುರೆದುರು ಬಾಯಿಗೆ ಬೀಗ!

ದೊಡ್ಡವರು ಮಾದರಿಯ ಬೆಂಚನ್ನು ಬೆರಳಿನಿಂದ ಮುಟ್ಟಿ, "ಮಕ್ಕಳು ಇಲ್ಲಿ ಕೂರ್ತಾರಾ?" ಎಂದು ಕೇಳುತ್ತಿದ್ದಂತೆ ಒಳಬಾಗಿಲು ಮುಚ್ಚಿತು. ಅವಳು ಹೊರಗಿನ ಸೋಫಾದಲ್ಲಿ ಡೈರಿ ಹಿಡಿದು ಕೂತಳು. ಅವನು ಗಾಜಿನಾಚೆಯ ತನ್ನ ಮೇಜಿಗೆ ಹೋದ. ಕಿಟಕಿಯಲ್ಲಿ ಅವನು ಹೇಳಿದ್ದ ಮರ ಅಲುಗುತ್ತಿತ್ತು. ಮೇಜಿನ ಮೇಲೆ ಚಹಾ ಆರುತ್ತಿತ್ತು. ಎಲ್ಲವೂ ಅವಳಿಗೆ ಮೊದಲೇ ಗೊತ್ತಿದ್ದ ಮನೆಯ ಹಾಗಿತ್ತು.

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹತ್ತು.

ಅವಳ ಪಕ್ಕದಲ್ಲಿದ್ದ ಇಂಟರ್‌ಕಾಮ್ ಬಡಿದುಕೊಂಡಿತು. ಗಾಜಿನಾಚೆ ಅವನು ರಿಸೀವರ್ ಹಿಡಿದು, ತಲೆ ತಗ್ಗಿಸಿ ಕೂತಿದ್ದ. ಅವಳು ಎತ್ತಿದಳು.

"ಕೋಪ ಹೋಯ್ತಾ?" ಅದೇ ದನಿ.

"ನೀವು ನಿಮ್ಮವರನ್ನ ಮೊದಲು ಲೈನಿಗೆ ತಂದ್ರಿ. ಅಷ್ಟು ದೊಡ್ಡ ಸೋಲು... ನನಗೋಸ್ಕರ ಯಾಕೆ ಒಪ್ಪಿಕೊಂಡ್ರಿ?"

"ಅದು... ಹೇಗೆ ಹೇಳಲಿ..." ಅವನ ಕಿವಿ ಕೆಂಪಾದವು. "ಒಂದ್ನಿಮಿಷ ಹೋಲ್ಡ್ ಮಾಡ್ತೀರಾ?"

"ಮಾಡಲ್ಲ!" ಎಂದಳು. ಗಾಜಿಗೆ ಮುಖ ತಿರುಗಿಸಿ, ನೇರ ಅವನನ್ನೇ ನೋಡಿದಳು. "ಈ ಸಲ ನಮ್ಮ ಕಡೆಯವರೇ ಮೊದಲು ಲೈನಿಗೆ ಬಂದಿದ್ದಾರೆ. ಕೇಳಿಸ್ಕೊಳ್ಳಿ... ನನಗೆ ನೀವಂದ್ರೆ ತುಂಬಾ ಇಷ್ಟ. ನೀವು ಬೇರೆ ಯಾರ ಜೊತೆಗಾದ್ರೂ ಒಳ್ಳೆ ಪಿ.ಎ. ಆಗಿರಿ. ನನ್ನ ಜೊತೆ ಹೀಗೇ ಮರೆತು ಕೂತಿರಿ."

ಅವನು ತಲೆಯೆತ್ತಿದ. ನಗುತ್ತಿದ್ದ, ಕಣ್ಣು ತುಂಬಿತ್ತು.

"ಮಂಚದ ಫೋನಿನ ಕಥೆ ಪೂರ್ತಿ ಆಗಲಿಲ್ಲ ಅವತ್ತು. ಅಜ್ಜಿಯ ಫೋನ್ ಕೊನೆಗೂ ಬಂತಾ?"

"ಬರಲಿಲ್ಲ... ನನ್ನ ಫೋನ್ ಮಾತ್ರ ಈಗ ಬಂತು ಅಂತ ಹೇಳಬೇಕು ಅವರಿಗೆ."

ಒಳಗಿನಿಂದ ಮೇಡಂ ಮತ್ತು ದೊಡ್ಡವರು ಒಟ್ಟಿಗೆ ನಗುವುದು ಕೇಳಿಸಿತು. ಕುರ್ಚಿ ಅವಳದೇ ಆಯಿತು ಎಂದು ಆ ನಗುವೇ ಹೇಳಿತು. ಅವಳಿಗೆ ಮಾತ್ರ ಈಗ ಅದರ ಕಡೆ ಗಮನವೇ ಇರಲಿಲ್ಲ.

"ಭಾನುವಾರ ನಿಮ್ಮ ಡೈರಿ ಖಾಲಿ ಇದೆಯಾ?" ಎಂದ ಅವನು.

ಅವಳು ಡೈರಿ ತೆರೆದು, ಪೆನ್ನಿನ ಮುಚ್ಚಳ ಬಿಚ್ಚಿ, ಗಂಭೀರವಾಗಿ ಏನೋ ಬರೆದಳು.

"ಇಲ್ಲ. ಈಗಷ್ಟೇ ಭರ್ತಿಯಾಯ್ತು. ಬೆಳಿಗ್ಗೆಯಿಂದ ಸಂಜೆ ತನಕ, ನಿಮ್ಮ ಹೆಸರಿಗೆ."

"ಕನ್ಫರ್ಮ್ ಮಾಡ್ಲಾ?"

"ಎರಡು ಸಲ ಮಾಡಿ."

ಅವನು ರಿಸೀವರ್ ಕೆಳಗಿಟ್ಟ. ಎದ್ದು, ಗಾಜಿನ ಬಾಗಿಲು ತಳ್ಳಿ ಅವಳ ಬಳಿ ಬಂದು, ಫೋನಿಲ್ಲದೆ ಮೊದಲ ಸಲ ಹೇಳಿದ.

"ಕನ್ಫರ್ಮ್."